ಹೆಂಗ ಹಾಕ್ತೀರಿ, ತೋರಿಸ್ರಿ

ಬಾಗಲಕೋಟೆ ಜಿಲ್ಲೆಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಔಷಧ ಕೌಂಟರ್ ನನ್ನದು. ಕಬ್ಬು ಕಟಾವು ಶುರುವಾದರೆ ಸಾಕು, ಮುಧೋಳ, ಜಮಖಂಡಿ ಕಡೆಯಿಂದ ಕಣ್ಣಿಗೆ ಗರಿ ಬಡಿದವರು ಜಾಸ್ತಿ ಬರುತ್ತಾರೆ.

ಹಾಗೇ ಬಂದವರು ಒಬ್ಬ ಅಜ್ಜಿ. ಕರಿಗುಡ್ಡೆ ಮೇಲೆ ಸಣ್ಣ ಹುಣ್ಣು. ಡಾಕ್ಟರು ಅದನ್ನು ಕೆರೆದು ಲ್ಯಾಬಿಗೆ ಕಳಿಸಿದರು. ಬ್ಯಾಕ್ಟೀರಿಯಾ ಅಂತ ಗೊತ್ತಾದ ಮೇಲೆ ಮಾಕ್ಸಿಫ್ಲಾಕ್ಸಾಸಿನ್ ಡ್ರಾಪ್ಸ್ ಬರೆದರು. ಪಕ್ಕದ ಮನೆಯವರು ಕೊಟ್ಟ ಇನ್ನೊಂದು ಬಾಟಲಿಯೂ ಅಜ್ಜಿಯ ಚೀಲದಲ್ಲಿತ್ತು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಪುಣ್ಯಕ್ಕೆ ಅದನ್ನು ಇನ್ನೂ ಹಾಕಿರಲಿಲ್ಲ. ಗರಿ ಬಡಿದ ಕಣ್ಣಿಗೆ ಫಂಗಸ್ ಕೂಡ ಹತ್ತಬಹುದು. ಸ್ಟೀರಾಯ್ಡ್ ಬಿದ್ದರೆ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತೆ, ಒಳಗೆ ಹುಣ್ಣು ಬೆಳೀತಾ ಹೋಗುತ್ತೆ.

ನಾನು ಎಂದಿನಂತೆ ಹೇಳಿದೆ: "ತಾಸಿಗೊಂದು ಹನಿ ಹಾಕ್ರಿ ಅವ್ವಾರ." ಚೀಟಿ ಮೇಲೂ ಬರೆದೆ. ಹಿಂದೆ ಸಾಲು ಉದ್ದ ಇತ್ತು.

ಮೂರು ದಿನಕ್ಕೆ ವಾಪಸ್ ಬಂದರು. ಹುಣ್ಣು ಒಂಚೂರೂ ಕಡಿಮೆಯಾಗಿಲ್ಲ. ಔಷಧಿ ಬದಲಿಸಬೇಕಾ ಅಂತ ಡಾಕ್ಟರು ಯೋಚಿಸುತ್ತಿದ್ದರು. ನಾನು ಬಾಟಲಿ ಕೇಳಿದೆ.

"ಅದು ಮುಗದ ಹೋತು ತಮ್ಮಾ. ಎರಡ ದಿನಕ್ಕ ಖಾಲಿ ಆತು. ಬಿಟ್ಟೆ."

5 ಎಂಎಲ್ ಬಾಟಲಿಯಲ್ಲಿ ನೂರರ ಮೇಲೆ ಹನಿ ಇರುತ್ತೆ. ಎರಡು ದಿನಕ್ಕೆ ಹೇಗೆ ಖಾಲಿ? ಹೊಸ ಬಾಟಲಿ ಕೈಗೆ ಕೊಟ್ಟು, "ಹೆಂಗ ಹಾಕ್ತೀರಿ, ತೋರಿಸ್ರಿ" ಅಂದೆ. ನಿಂತಲ್ಲೇ ತಲೆ ಎತ್ತಿದರು. ಬಾಟಲಿಯ ಮೂತಿಯನ್ನು ರೆಪ್ಪೆಗೆ ತಾಗಿಸಿ ಒತ್ತಿದರು. ನಾಲ್ಕು ಹನಿ. ಎಲ್ಲ ಕೆನ್ನೆ ಮೇಲೆ ಇಳಿಯಿತು. ಸೆರಗಿನಿಂದ ಕಣ್ಣು ಒರೆಸಿಕೊಂಡರು.

ತಪ್ಪು ನನ್ನದೇ. ಎಷ್ಟು ಅಂತ ಹೇಳಿದ್ದೆ, ಹೇಗೆ ಅಂತ ಹೇಳಿರಲಿಲ್ಲ. ಕೆಳಗಿನ ರೆಪ್ಪೆಯ ಒಳಗಿನ ಸಣ್ಣ ಚೀಲ ಒಂದು ಹನಿಯನ್ನೇ ಪೂರ್ತಿ ಹಿಡಿಯಲ್ಲ, ಉಳಿದ ಮೂರು ಸುಮ್ನೆ ದಂಡ. ರೆಪ್ಪೆಗೆ ತಾಗಿದ ಮೂತಿಯಿಂದ ಹೊಲಸು ಬಾಟಲಿಯೊಳಗೂ ಹೋಗುತ್ತೆ, ಅಲ್ವಾ?

ಆ ಬಾಟಲಿ ಎತ್ತಿಟ್ಟು ಬೇರೆಯದು ತೆರೆದೆ. ಅಜ್ಜಿಯನ್ನು ಬೆಂಚಿನ ಮೇಲೆ ಮಲಗಿಸಿದೆ. ಕೈ ತೊಳೆದುಕೊಂಡು ಕೆಳಗಿನ ರೆಪ್ಪೆ ಎಳೆದು, ಮೂತಿ ತಾಗದಂತೆ ಒಂದೇ ಹನಿ ಬಿಡುವುದನ್ನು ಜೊತೆಗಿದ್ದ ಮೊಮ್ಮಗನಿಗೆ ಕಲಿಸಿದೆ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಬೇಕು. ಇಲ್ಲದಿದ್ದರೆ ಔಷಧಿ ಮೂಗಿಗೆ ಇಳಿದು ಗಂಟಲು ಕಹಿಯಾಗುತ್ತೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಮುಲಾಮು ಇದ್ದರೆ ಕೊನೆಗೆ.

ಒಬ್ಬರಿಗೆ ಎಂಟು ನಿಮಿಷ ಹಿಡಿಯಿತು. ಸಾಲಿನಲ್ಲಿದ್ದವರು ಬೈದರು. ಈಗಲೂ ಬೈಯ್ತಾರೆ.

ಔಷಧಿ ಬದಲಾಗಲಿಲ್ಲ. ಮತ್ತೆ ಮೂರು ದಿನಕ್ಕೆ ಬಂದಾಗ ಹುಣ್ಣು ಅರ್ಧಕ್ಕೆ ಇಳಿದಿತ್ತು. ಅಜ್ಜಿ ಕೌಂಟರ್ ಮುಂದೆ ನಿಂತು ಬಾಟಲಿಯನ್ನು ಬೆಳಕಿಗೆ ಹಿಡಿದರು.

"ಇನ್ನೂ ಅರ್ಧ ಐತಿ ನೋಡ, ತಮ್ಮಾ."