ಮಕ್ಕಳು ದೊಡ್ಡವರ ಪುಸ್ತಕ ಓದ್ತಾರೆ, ನೀವಿನ್ನು ಯಾರಿಗೆ ಬರೀತೀರಿ?

ನಾನು ಮಕ್ಕಳಿಗಾಗಿ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಅಪ್ಪ ಅಮ್ಮಂದಿರು ಕೇಳುವುದು ಇದನ್ನೇ. "ನನ್ನ ಮಗಳಿಗೆ ಇನ್ನೂ ಹತ್ತು. ಆಗಲೇ ಕಾಲೇಜು ಹುಡುಗರ ಕಾದಂಬರಿ ಓದ್ತಾಳೆ. ನಿಮ್ಮಂಥವರಿಗೆ ಇನ್ನೇನು ಕೆಲಸ?" ಕೊನೇ ಮಾತು ತಮಾಷೆಗೆ ಹೇಳಿದ್ದು ಅಂತ ಅಂದುಕೊಳ್ಳುತ್ತೇನೆ.

ತಮಗಿಂತ ದೊಡ್ಡವರ ಕಥೆ ಓದುವ ಆಸೆ ಮಕ್ಕಳಿಗೆ ಯಾವತ್ತೂ ಇದ್ದಿದ್ದೇ. ಅದಕ್ಕೇ ಮಕ್ಕಳ ಪುಸ್ತಕಗಳ ನಾಯಕ ಸಾಮಾನ್ಯವಾಗಿ ಓದುವವರಿಗಿಂತ ಒಂದೆರಡು ವರ್ಷ ದೊಡ್ಡವನಿರುತ್ತಾನೆ. ಹಿಂಬದಿ ರಕ್ಷಾಪುಟದಲ್ಲಿ "8-12" ಅಂತ ಇದ್ದದ್ದು ನೋಡಿ ಹನ್ನೊಂದರ ಹುಡುಗಿಯೊಬ್ಬಳು ಪುಸ್ತಕವನ್ನು ವಾಪಸ್ ಇಟ್ಟದ್ದು ನೋಡಿದ್ದೇನೆ. ಒಂದು ಸಾಲೂ ಓದಿರಲಿಲ್ಲ!

ಬದಲಾಗಿರುವುದು ವೇಗ. ಹ್ಯಾರಿ ಪಾಟರ್ ಸರಣಿಯನ್ನೇ ನೋಡಿ. ಮೊದಲ ಪುಸ್ತಕ ಬಂದದ್ದು 1997ರಲ್ಲಿ, ಏಳನೆಯದು 2007ರಲ್ಲಿ. ಹುಡುಗ ಹನ್ನೊಂದರಿಂದ ಹದಿನೇಳಕ್ಕೆ ಬೆಳೆಯುತ್ತಾನೆ, ಪುಸ್ತಕಗಳು ದಪ್ಪವಾಗುತ್ತವೆ, ಸಾವುನೋವು ಜಾಸ್ತಿಯಾಗುತ್ತದೆ. ಮೊದಲ ಓದುಗರು ಮುಂದಿನ ಭಾಗಕ್ಕೆ ಕಾಯುತ್ತಾ ತಾವೂ ಬೆಳೆದರು. ಈಗಿನ ಮಗುವಿಗೆ ಕಾಯುವ ಕೆಲಸವೇ ಇಲ್ಲ. ಏಳೂ ಕಪಾಟಿನಲ್ಲಿವೆ. ಹತ್ತು ವರ್ಷದಲ್ಲಿ ಬಂದ ಕಥೆಯನ್ನು ಒಂದೇ ರಜೆಯಲ್ಲಿ ಮುಗಿಸಿಬಿಡುತ್ತದೆ.

ಮುಗಿಸಿತು ಸರಿ, ಆದರೆ ಏನು ಓದಿತು? ಒಂಬತ್ತು ಹತ್ತರ ಹೊತ್ತಿಗೆ ಅಕ್ಷರ ಕೂಡಿಸುವ ಕಷ್ಟ ಮುಗಿದು, ಓದು ಸರಾಗವಾಗುತ್ತದೆ. ಕಣ್ಣು ಎಲ್ಲಿ ಬೇಕಾದರೂ ಓಡಬಲ್ಲದು. ಅನುಭವ ಮಾತ್ರ ತನ್ನ ಪಾಡಿಗೆ ನಿಧಾನವಾಗಿ ಬರುತ್ತದೆ. ಪ್ರೀತಿ, ಮೋಸ, ವಿಚ್ಛೇದನ ಎಲ್ಲ ತುಂಬಿದ್ದ ಒಂದು ದಪ್ಪ ಕಾದಂಬರಿ ಮುಗಿಸಿದ ಹುಡುಗನನ್ನು "ಹೇಗಿತ್ತಪ್ಪಾ?" ಅಂತ ಕೇಳಿದೆ. ಅವನು ಅದರಲ್ಲಿದ್ದ ಕುದುರೆಯ ವಿಷಯ ಅರ್ಧ ಗಂಟೆ ಹೇಳಿದ. ಉಳಿದದ್ದನ್ನು ಸುಮ್ನೆ ಹಾರಿಸಿದ್ದ. ಇದರಲ್ಲಿ ಗಾಬರಿಪಡುವಂಥದ್ದೇನೂ ನನಗೆ ಕಾಣುವುದಿಲ್ಲ.

ನನ್ನ ಕೆಲಸ ಇರುವುದು ಈ ಕಣ್ಣಿನ ಓಟಕ್ಕೂ ಅನುಭವಕ್ಕೂ ನಡುವಿನ ಜಾಗದಲ್ಲಿ. ಕೆಲವು ಲೇಖಕರು ಮಕ್ಕಳು ಬೆಳೆದಿದ್ದಾರೆ ಅಂತ ರಕ್ತ, ಪ್ರೇಮ, ಕಷ್ಟದ ಪದ ಸುರಿಯುತ್ತಾರೆ. ಅದು ಸೋಮಾರಿತನ ಅಂತ ನನ್ನ ಅಭಿಪ್ರಾಯ. ಮಾತು ಸರಳವಾಗಿಯೇ ಇರಲಿ, ವಿಷಯವನ್ನು ಮಾತ್ರ ಮರೆಮಾಚಬಾರದು. ಅಜ್ಜಿ ತೀರಿಹೋದ ಕಥೆಯಲ್ಲಿ "ಅಜ್ಜಿ ನಕ್ಷತ್ರವಾದಳು" ಅಂತ ಬರೆದರೆ ಈಗಿನ ಮಗು ಪುಟ ತಿರುಗಿಸುತ್ತದೆ. "ಅಜ್ಜಿಯ ಕನ್ನಡಕ ಮೇಜಿನ ಮೇಲೇ ಇತ್ತು. ಅದನ್ನು ಯಾರು ಎತ್ತಿಡಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ" ಅಂದರೆ ನಿಲ್ಲುತ್ತದೆ. ಎರಡನೆಯದರಲ್ಲೂ ಒಂದು ಕಷ್ಟದ ಪದವಿಲ್ಲ, ಅಲ್ವಾ?

ವಿವರಣೆಯನ್ನೂ ಕತ್ತರಿಸಬೇಕು. ಪಾತ್ರ ಸುಳ್ಳು ಹೇಳಿದ ಮೇಲೆ "ಸುಳ್ಳು ಹೇಳುವುದು ತಪ್ಪು" ಅಂತ ಸೇರಿಸಿದರೆ ಮುಗಿಯಿತು, ಇಷ್ಟೊಂದು ಓದಿದ ಮಗುವಿಗೆ ಉಪದೇಶದ ವಾಸನೆ ದೂರದಿಂದಲೇ ಬಡಿಯುತ್ತದೆ. ಕಥೆಯ ತಿರುವೂ ಅಷ್ಟೇ. ಕಳ್ಳ ಯಾರು ಅಂತ ಮೂರನೇ ಅಧ್ಯಾಯದಲ್ಲೇ ಊಹಿಸಿಬಿಡುತ್ತಾರೆ.

ಇನ್ನೊಂದು ವಿಷಯ ಆ ಅಪ್ಪ ಅಮ್ಮಂದಿರಿಗೆ. ಇವತ್ತು ಐನೂರು ಪುಟ ಮುಗಿಸಿದ ಮಗಳು ನಾಳೆ ಚಿತ್ರಕಥೆ ಹಿಡಿದು ಕೂತರೆ "ಇದು ಚಿಕ್ಕವರದ್ದು" ಅಂತ ಕಸಿಯಬೇಡಿ. ಓದು ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕಷ್ಟೇ ಹೋಗುವುದಿಲ್ಲ. ಒಂದು ವಾರ ಮೇಲೆ, ಇನ್ನೊಂದು ವಾರ ಕೆಳಗೆ. ನೀವೂ ಹಾಗೇ ಓದುತ್ತೀರಿ, ಆದರೆ ನಿಮ್ಮನ್ನು ಯಾರೂ ಕೇಳುವುದಿಲ್ಲ.