ಯಕೃತ್ತಿನ ಗಡ್ಡೆಗಳ ಸ್ಲೈಡ್ ಸಂಗ್ರಹ: ಇಲ್ಲಿಯವರೆಗಿನ ಕೆಲಸ

ಕಿರಿಯ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸುತ್ತಿರುವ ಈ ಸಂಗ್ರಹದಲ್ಲಿ ದೊಡ್ಡ ಕರುಳಿನಿಂದ ಯಕೃತ್ತಿಗೆ ಹರಡಿದ ಕ್ಯಾನ್ಸರ್‌ನ ಭಾಗ ಬೇಗ ಮುಗಿಯಿತು. ಈ ಸ್ಲೈಡ್‌ಗಳ ಪ್ರತಿ ಸ್ಟೇನ್‌ನಲ್ಲೂ ಒಂದು ನಿರ್ದಿಷ್ಟ ಪ್ರೋಟೀನಿಗೆ ಅಂಟುವ ಪ್ರತಿಕಾಯವನ್ನು ಹಾಕುತ್ತೇವೆ; ಆ ಪ್ರೋಟೀನ್ ಇದ್ದಲ್ಲಿ ಕಂದು ಬಣ್ಣ ಬಂದರೆ ಪಾಸಿಟಿವ್, ಬಾರದಿದ್ದರೆ ನೆಗೆಟಿವ್. ಅಂತಹ ಪ್ರೋಟೀನ್‌ಗಳಲ್ಲಿ ಸಿಕೆ20 ಮತ್ತು ಸಿಡಿಎಕ್ಸ್2 ಪಾಸಿಟಿವ್, ಸಿಕೆ7 ನೆಗೆಟಿವ್ ಎಂಬ ಸಾಮಾನ್ಯ ಚಿತ್ರಣವೇ ಅಲ್ಲಿ ದೊರೆತದ್ದರಿಂದ ಹೆಚ್ಚು ವಿವರಣೆ ಬೇಕಾಗಲಿಲ್ಲ.

ಯಕೃತ್ತಿನಲ್ಲೇ ಹುಟ್ಟುವ ಹೆಪಟೋಸೆಲ್ಯುಲರ್ ಕಾರ್ಸಿನೋಮಾದ ಭಾಗ ಹೆಚ್ಚು ಸಮಯ ಹಿಡಿಯಿತು. ಹೆಪ್‌ಪಾರ್-1 ಎಂಬ ಪ್ರತಿಕಾಯ ಗುರುತಿಸುವುದು ಮೈಟೋಕಾಂಡ್ರಿಯಾದಲ್ಲಿರುವ ಯೂರಿಯಾ ಚಕ್ರದ ಕಿಣ್ವವನ್ನಾದ್ದರಿಂದ, ಕಂದು ಬಣ್ಣವು ಕೋಶದ್ರವ್ಯದಲ್ಲಿ ಸಣ್ಣ ಸಣ್ಣ ಕಣಗಳಾಗಿ ಕಾಣುತ್ತದೆ. ಅದೇ ಚಕ್ರದ ಇನ್ನೊಂದು ಕಿಣ್ವವಾದ ಆರ್ಜಿನೇಸ್-1ರ ಸ್ಟೇನ್ ಕೋಶದ್ರವ್ಯವನ್ನಷ್ಟೇ ಅಲ್ಲದೆ ಹಲವೆಡೆ ಕೋಶಕೇಂದ್ರವನ್ನೂ ಬಣ್ಣಿಸುತ್ತದೆ. ಗಡ್ಡೆಯ ಕೋಶಗಳು ಯಕೃತ್ತಿನ ಕೋಶಗಳ ಹೋಲಿಕೆಯನ್ನು ಕಳೆದುಕೊಂಡಂತೆಲ್ಲ ಹೆಪ್‌ಪಾರ್-1 ಮಸುಕಾಗುತ್ತದೆ, ಆರ್ಜಿನೇಸ್-1 ಅದಕ್ಕಿಂತ ಚೆನ್ನಾಗಿ ಉಳಿಯುತ್ತದೆ. ಗ್ಲಿಪಿಕಾನ್-3 ಎಂಬ ಮತ್ತೊಂದು ಪ್ರೋಟೀನಿನ ಸ್ಟೇನ್ ಮಾತ್ರ ಇದಕ್ಕೆ ವಿರುದ್ಧವಾಗಿ ಅಂತಹ ಗಡ್ಡೆಗಳಲ್ಲೇ ಹೆಚ್ಚಾಗಿ ಪಾಸಿಟಿವ್ ಬರುತ್ತದೆ. ಜಠರದ ಕೆಲವು ಅಡಿನೋಕಾರ್ಸಿನೋಮಾಗಳೂ (ಗ್ರಂಥಿ ಕೋಶಗಳ ಕ್ಯಾನ್ಸರ್‌ಗಳೂ) ಹೆಪ್‌ಪಾರ್-1ಕ್ಕೆ ಬಣ್ಣ ತೋರುವುದರಿಂದ, ಅದೊಂದನ್ನೇ ನಂಬಿ ವರದಿ ಬರೆಯುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಬಣ್ಣ ಬಂದಿದೆಯೇ ಎಂಬುದಕ್ಕಿಂತ ಎಲ್ಲಿ ಬಂದಿದೆ ಎಂಬುದನ್ನು ಕಲಿಸಲು ಎರಡು ಸ್ಟೇನ್‌ಗಳನ್ನು ಸೇರಿಸಿದ್ದೇನೆ. ಪಾಲಿಕ್ಲೋನಲ್ ಸಿಇಎ ಹಾಕಿದಾಗ ಹೆಪಟೋಸೆಲ್ಯುಲರ್ ಕಾರ್ಸಿನೋಮಾದಲ್ಲಿ ಅಕ್ಕಪಕ್ಕದ ಕೋಶಗಳ ನಡುವಿನ ಪಿತ್ತದ ಕಿರುಕಾಲುವೆಗಳು ತೆಳುವಾದ, ಕವಲೊಡೆದ ಗೆರೆಗಳಾಗಿ ಮೂಡುತ್ತವೆ; ಅಡಿನೋಕಾರ್ಸಿನೋಮಾದಲ್ಲಾದರೋ ಸಾಮಾನ್ಯವಾಗಿ ಕೋಶದ್ರವ್ಯವೇ ಕಂದಾಗುತ್ತದೆ. ಟಿಟಿಎಫ್-1 ಶ್ವಾಸಕೋಶದ ಅಡಿನೋಕಾರ್ಸಿನೋಮಾದಲ್ಲಿ ಕೋಶಕೇಂದ್ರವನ್ನು ಬಣ್ಣಿಸಬೇಕು. ಕೆಲವು ಪ್ರತಿಕಾಯಗಳು ಯಕೃತ್ತಿನ ಕೋಶಗಳ ಕೋಶದ್ರವ್ಯದಲ್ಲೂ ಬಣ್ಣ ತೋರುತ್ತವೆ, ಅದನ್ನು ಶ್ವಾಸಕೋಶದ ಗುರುತೆಂದು ಓದಬಾರದು. ಯಕೃತ್ತಿನಲ್ಲಿ ಬಯೋಟಿನ್ ಎಂಬ ವಿಟಮಿನ್ ಸಹಜವಾಗಿಯೇ ಹೇರಳವಾಗಿದ್ದು, ಸುಳ್ಳು ಬಣ್ಣ ಕೊಡಬಲ್ಲದಾದ್ದರಿಂದ, ಹಳೆಯ ಅವಿಡಿನ್–ಬಯೋಟಿನ್ ವಿಧಾನವನ್ನು ಬಿಟ್ಟು ಪಾಲಿಮರ್ ವಿಧಾನದಲ್ಲೇ ಎಲ್ಲ ಸ್ಲೈಡ್‌ಗಳನ್ನು ಮಾಡಿಸಲಾಗಿದೆ.

ಸೂಜಿ ಬಯಾಪ್ಸಿಯ ಬ್ಲಾಕ್‌ಗಳಲ್ಲಿ (ಅಂಗಾಂಶವನ್ನು ಹುದುಗಿಸಿದ ಮೇಣದ ತುಂಡುಗಳಲ್ಲಿ) ಅಂಗಾಂಶವೇ ಅತ್ಯಲ್ಪ. ತೆಳುವಾಗಿ ಕತ್ತರಿಸುವ ಯಂತ್ರವಾದ ಮೈಕ್ರೋಟೋಮ್‌ಗೆ ಮತ್ತೆ ಮತ್ತೆ ಏರಿಸಿದರೆ ಪ್ರತಿ ಬಾರಿಯೂ ಬ್ಲಾಕಿನ ಮುಖ ಸಮ ಮಾಡುವುದರಲ್ಲೇ ಒಂದಷ್ಟು ಹೋಗುವುದರಿಂದ, ಮೊದಲ ಸಲವೇ ಹೆಚ್ಚುವರಿ ತುಣುಕುಗಳನ್ನು ಬಣ್ಣ ಹಾಕದೆ ತೆಗೆದಿರಿಸುವ ಕ್ರಮಕ್ಕೆ ಬಂದಿದ್ದೇವೆ.

ಉಳಿದಿರುವುದು ಯಕೃತ್ತಿನೊಳಗಿನ ಪಿತ್ತನಾಳದ ಕ್ಯಾನ್ಸರ್. ಅದೂ ಮೇದೋಜೀರಕ ಗ್ರಂಥಿಯಿಂದ ಹರಡಿದ ಕ್ಯಾನ್ಸರೂ ಸಿಕೆ7 ಮತ್ತು ಸಿಕೆ19 ಎರಡಕ್ಕೂ ಪಾಸಿಟಿವ್ ಆಗಿರುವುದೇ ಹೆಚ್ಚು, ಹಾಗಾಗಿ ಈ ಸ್ಟೇನ್‌ಗಳಿಂದ ಅವೆರಡನ್ನು ಬೇರ್ಪಡಿಸುವುದು ಕಷ್ಟ. ಸಣ್ಣ ನಾಳಗಳ ಬಗೆಯಲ್ಲಿ ಅಲ್ಬುಮಿನ್ ಆರ್‌ಎನ್‌ಎ ಪತ್ತೆಹಚ್ಚುವ ಇನ್ ಸಿಟು ಹೈಬ್ರಿಡೈಸೇಷನ್ ನೆರವಾಗುತ್ತದೆ, ಆದರೆ ನಮ್ಮ ಲ್ಯಾಬಿನಲ್ಲಿ ಆ ಸೌಲಭ್ಯವಿಲ್ಲ. ಆದ್ದರಿಂದ ಮೂಲ ಗಡ್ಡೆ ಎಲ್ಲಿದೆ ಎಂಬುದನ್ನು ನೋಡಲು ಈ ಭಾಗದ ಸ್ಲೈಡ್‌ಗಳ ಜೊತೆಗೆ, ಹೆಸರು ತೆಗೆದ ಸಿಟಿ ಸ್ಕ್ಯಾನ್ ವರದಿಯನ್ನೂ ಇಡಲು ನಿರ್ಧರಿಸಿದ್ದೇನೆ.