ಒಂದು ಕಪ್ ಸೊಪ್ಪು ಅಂದರೆ ಎಷ್ಟು ಗ್ರಾಂ?

‘ಕೊತ್ತಂಬರಿ ಸೊಪ್ಪು, 1 ಕಪ್’ ಅಂತ ಬರೆದವರು ಅರ್ಧ ಮಾತ್ರ ಹೇಳಿದ್ದಾರೆ. ಬಿಡಿ ಎಲೆಯೋ, ಸಣ್ಣಗೆ ಹೆಚ್ಚಿದ್ದೋ, ಒತ್ತಿ ತುಂಬಿದ್ದೋ? ಅಕ್ಕಿಬೇಳೆಯನ್ನು ಕಪ್ಪಿನಲ್ಲಿ ಅಳೆದರೆ ಲೆಕ್ಕ ಕೂರುತ್ತದೆ. ಸೊಪ್ಪಿನ ಕಪ್ಪಿನಲ್ಲಿ ಎಲೆಗಿಂತ ಗಾಳಿಯೇ ಜಾಸ್ತಿ.

ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯನ್ನೇ ನೋಡಿ: ಒಂದು ಕಪ್ ಸಬ್ಬಸಿಗೆ ಎಳೆ ಸುಮಾರು 9 ಗ್ರಾಂ, ಕೊತ್ತಂಬರಿ ಎಲೆ 16, ಹೆಚ್ಚಿದ ಪಾರ್ಸ್ಲಿ (ಕೊತ್ತಂಬರಿಯನ್ನೇ ಹೋಲುವ ವಿದೇಶಿ ಸೊಪ್ಪು) 60. ಪಾರ್ಸ್ಲಿ ಎಲೆಯೇನೂ ಅಷ್ಟು ಭಾರದ್ದಲ್ಲ. ಹೆಚ್ಚಿದ್ದರಿಂದ ಅಡಕವಾಗಿ ಕೂತಿದೆ, ಅಷ್ಟೇ. ಪುದೀನವನ್ನು ಅಂಗೈಯಿಂದ ಒತ್ತಿ ತುಂಬಿದರೆ ಸಡಿಲ ಕಪ್ಪಿನ ಎರಡರಷ್ಟು ಸುಲಭವಾಗಿ ಹಿಡಿಸುತ್ತದೆ. ಅಳತೆಯ ಕಪ್ 240 ಮಿಲಿಲೀಟರಿನದೋ 250ರದೋ ಎಂಬ ಚರ್ಚೆ ಇದರ ಮುಂದೆ ಲೆಕ್ಕಕ್ಕೇ ಇಲ್ಲ.

ಹಾಗಾಗಿ ನಿಮ್ಮ ಕೈಯ ಲೆಕ್ಕವನ್ನು ಒಮ್ಮೆ ಹಿಡಿದಿಟ್ಟುಕೊಳ್ಳಿ. ಸೊಪ್ಪು ತೊಳೆದು, ಬಟ್ಟೆಯ ಮೇಲೆ ಹರಡಿ, ನೀರು ಪೂರ್ತಿ ಆರಲು ಬಿಡಿ. ತಕ್ಕಡಿಯ ಮೇಲೆ ಖಾಲಿ ಬಟ್ಟಲಿಟ್ಟು ಸೊನ್ನೆ ಮಾಡಿ. ಯಾವಾಗಲೂ ತುಂಬುವ ಹಾಗೆಯೇ ಮೂರು ಕಪ್ ತುಂಬಿ ಬಟ್ಟಲಿಗೆ ಸುರಿಯಿರಿ, ಬಂದ ತೂಕವನ್ನು ಮೂರರಿಂದ ಭಾಗಿಸಿ. ಒಂದೇ ಕಪ್ ಸಾಲದು: ಮನೆಯ ತಕ್ಕಡಿಗಳು ಸಾಮಾನ್ಯವಾಗಿ 1 ಗ್ರಾಂ ಹೆಜ್ಜೆಯವು, 9 ಗ್ರಾಂ ತೂಗುವಾಗ ಒಂದು ಗ್ರಾಂ ತಪ್ಪಿದರೂ ದೊಡ್ಡದೇ. ಸಂಖ್ಯೆಯ ಪಕ್ಕದಲ್ಲಿ ‘ಸಡಿಲ’, ‘ಒತ್ತಿ’, ‘ಹೆಚ್ಚಿ’ ಅಂತ ಬರೆಯದಿದ್ದರೆ ಆ ಸಂಖ್ಯೆಯೂ ದಂಡ.

ಹೆಚ್ಚು ಕೆಡಿಸುವುದು ನೀರು. ತೊಳೆದು ಬರೀ ಕೊಡವಿ ತೂಗಿದರೆ ಎಲೆಗೆ ಅಂಟಿದ ನೀರೂ ಸೊಪ್ಪಿನ ಲೆಕ್ಕಕ್ಕೆ ಬರುತ್ತದೆ. ಸಬ್ಬಸಿಗೆಯ ಕವಲೆಳೆಗಳಂತೂ ಹನಿಗಳನ್ನು ಬಿಡುವುದೇ ಇಲ್ಲ. ಅದನ್ನೇ ವಡೆ ಹಿಟ್ಟಿಗೆ ಹಾಕಿದರೆ ಹಿಟ್ಟು ಸಡಿಲ. ಗಟ್ಟಿಯಾಗಲೆಂದು ಅಕ್ಕಿ ಹಿಟ್ಟು ಸುರಿದರೆ ವಡೆ ಕಲ್ಲು.

ಕೊಳ್ಳುವ ತೂಕ ಬೇರೆ, ಬಳಸುವ ತೂಕ ಬೇರೆ. ಪುದೀನದ ದಂಟು ನಾರು, ಎಲೆ ಬಿಡಿಸಿದರೆ ಕಟ್ಟಿನ ಅರ್ಧದಷ್ಟು ಹೋಯಿತೆಂದೇ ತಿಳಿಯಿರಿ. 50 ಗ್ರಾಂ ಎಲೆ ಬೇಕಿದ್ದರೆ 100 ಗ್ರಾಂ ತನ್ನಿ. ಕೊತ್ತಂಬರಿಗೆ ಈ ನಷ್ಟವಿಲ್ಲ. ಬೇರು ಕತ್ತರಿಸಿದರೆ ಎಳೆಯ ದಂಟೆಲ್ಲ ಚಟ್ನಿಗೆ ಆಗುತ್ತದೆ, ಘಮವೂ ಅದರಲ್ಲೇ ಚೆನ್ನ. ಒಗ್ಗರಣೆಯ ಕರಿಬೇವಿಗೆ ಮಾತ್ರ ತಕ್ಕಡಿ ಬೇಡ, ಎಸಳಿನ ಲೆಕ್ಕವೇ ಸಾಕು.

ಇನ್ನು ಒಣ ಸೊಪ್ಪು. ‘ಮೂರು ಚಮಚ ಹಸಿಗೆ ಒಂದು ಚಮಚ ಒಣದ್ದು’ ಎಂಬುದು ಚಮಚದ ಲೆಕ್ಕ, ಗ್ರಾಮಿಗೆ ಹೊಂದುವುದಿಲ್ಲ. ಹಸಿ ಮೆಂತ್ಯ ಸೊಪ್ಪಿನಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಭಾಗ ನೀರೇ; 30 ಗ್ರಾಂ ಒಣಗಿದರೆ ಉಳಿಯುವುದು ಸುಮಾರು 4 ಗ್ರಾಂ. ಮೂರರಲ್ಲೊಂದು ಪಾಲು ಅಂತ 10 ಗ್ರಾಂ ಕಸೂರಿ ಮೇಥಿ ಹಾಕಿದರೆ ಆ ಕಹಿಯನ್ನು ಯಾವ ಬೆಲ್ಲವೂ ಮುಚ್ಚುವುದಿಲ್ಲ.